ಸುತ್ತುವುದು ತಲೆಯೋ ತೊಲೆಯೋ: ಕೆಲವು ಪದಗಳಿಗಾಗಿ ಒಂದು ಕೋರಿಕೆ

ಪದಚರ್ಚೆ ಬಳಗದ ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ನಾನು ಇಲ್ಲಿ 14 ವರ್ಷಗಳಿಂದ ಫಿಜಿಯೋಥೆರಪಿ ಮಾಡುತ್ತಿದ್ದೇನೆ. ಮೊಣಕಾಲು, ಸೊಂಟ, ಭುಜದ ನೋವಿನವರೇ ಹೆಚ್ಚು. ಅವರ ನಡುವೆ ತಲೆಸುತ್ತಿನವರು, ನಡೆಯುವಾಗ ಒಂದು ಕಡೆಗೆ ವಾಲುವವರು, ತಲೆಗೆ ಪೆಟ್ಟು ಬಿದ್ದು ವಾರಗಳಾದರೂ ಸರಿಹೋಗದವರು ಬರುತ್ತಾರೆ. ಇವರ ಕೈಗೆ ಕೊಡಲು ಎಂಟು ಪುಟದ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಬರೆಯಲು ಕುಳಿತವಳು ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ‘ನಿಮಗೆ ತಲೆಸುತ್ತು ಇದೆಯೇ?’ ಎಂಬುದು ಆ ಸಾಲು. ಇದೇ ಪ್ರಶ್ನೆ ಒಬ್ಬ ಅಜ್ಜಿಯ ಚಿಕಿತ್ಸೆಯನ್ನು ನನ್ನ ಕಣ್ಣೆದುರೇ ತಪ್ಪಿಸಿಬಿಡುವುದರಲ್ಲಿತ್ತು.

ಹೋದ ವರ್ಷ ಹದಡಿ ಕಡೆಯ ಹಳ್ಳಿಯೊಂದರಿಂದ ಆ ಅಜ್ಜಿ ಬಂದಿದ್ದರು. ಹಾಸಿಗೆಯಲ್ಲಿ ಎಡಕ್ಕೆ ಮಗ್ಗುಲಾದರೆ ಸಾಕು, ಹೆದರಿ ಮಂಚದ ಪಟ್ಟಿ ಹಿಡಿದುಕೊಳ್ಳುತ್ತಿದ್ದರಂತೆ. ನಾವು ಮೊದಲ ದಿನ ತುಂಬಿಸಿಕೊಳ್ಳುವ ಹಾಳೆಯಲ್ಲಿ ‘ತಲೆಸುತ್ತು: ಇದೆ / ಇಲ್ಲ’ ಎಂದಿದೆ. ಮೊಮ್ಮಗಳು ಅಜ್ಜಿಯನ್ನು ಕೇಳಿ ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದ್ದಳು. ನನಗೆ ಅನುಮಾನ ಬಂದು ಮತ್ತೆ ಕೇಳಿದೆ. “ತಲೆ ಯಾಕೆ ಸುತ್ತುತ್ತದೆ ತಾಯಿ, ಅದು ಇದ್ದಲ್ಲೇ ಇದೆ. ಸುತ್ತುವುದು ತೊಲೆ. ತೊಲೆ, ಜಂತೆ, ಗೂಡಿನ ದೀಪ ಎಲ್ಲ ಗಿರ್ರೆಂದು ತಿರುಗುತ್ತವೆ” ಎಂದರು.

ಅಜ್ಜಿ ಸುಳ್ಳು ಹೇಳಿರಲಿಲ್ಲ. ನಮ್ಮ ಹಾಳೆ ಕೇಳಿದ್ದೇ ಬೇರೆ, ಅವರಿಗೆ ಆಗುತ್ತಿದ್ದುದೇ ಬೇರೆ. ಒಳಗಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ರಾಸಾಯನಿಕವಾಗಿ ಅವು ಸುಣ್ಣದ ಕಲ್ಲೇ, ಕ್ಯಾಲ್ಸಿಯಂ ಕಾರ್ಬೊನೇಟ್. ಅವು ತಮ್ಮ ನೆಲೆಯಿಂದ ಕಳಚಿ ಪಕ್ಕದ ಅರೆವೃತ್ತ ನಾಳಕ್ಕೆ ಜಾರಿದರೆ, ತಲೆಯನ್ನು ಒಂದು ನಿರ್ದಿಷ್ಟ ಕಡೆಗೆ ಹೊರಳಿಸಿದಾಗಲೆಲ್ಲ ನಾಳದೊಳಗಿನ ದ್ರವ ಕದಡುತ್ತದೆ. ಕದಡಿದ ದ್ರವ ‘ತಿರುಗುತ್ತಿದ್ದೇವೆ’ ಎಂದು ಮಿದುಳಿಗೆ ತಪ್ಪು ಸುದ್ದಿ ಮುಟ್ಟಿಸುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ, ಮತ್ತೆ ಹೊರಳಿದರೆ ಮತ್ತೆ ಬರುತ್ತದೆ. ಪತ್ತೆ ಹಚ್ಚುವ ಪರೀಕ್ಷೆಯನ್ನು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದರು. ಹರಳುಗಳನ್ನು ತಲೆಯ ಚಲನೆಯಿಂದಲೇ ಹಿಂದಿರುಗಿಸುವ ಕ್ರಮವನ್ನು ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಮಾತ್ರೆಯಿಲ್ಲ, ಸೂಜಿಯಿಲ್ಲ. ಅಜ್ಜಿಗೆ ಎರಡು ಭೇಟಿಯಲ್ಲಿ ತೊಲೆ ನಿಂತಿತು. ಅವರ ಹಾಳೆಯಲ್ಲಿ ‘ಇಲ್ಲ’ ಎಂದಿದ್ದುದನ್ನು ನಂಬಿದ್ದರೆ ನಾನು ಕುತ್ತಿಗೆಗೆ ಶಾಖ ಕೊಟ್ಟು ಕಳಿಸಿಬಿಡುತ್ತಿದ್ದೆ.

ಅಂದಿನಿಂದ ಜನ ಹೇಳುವ ವಾಕ್ಯವನ್ನೇ ಬರೆದಿಟ್ಟುಕೊಳ್ಳುತ್ತಿದ್ದೇನೆ. ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು “ಅರಳೆಯ ರಾಶಿಯ ಮೇಲೆ ಕಾಲಿಟ್ಟ ಹಾಗೆ” ಎಂದರು. ಗಿರಣಿಗಳ ಊರಿನಲ್ಲಿ ಬೇರೆ ಯಾವ ಹೋಲಿಕೆ ಬಂದೀತು! ಹಗಲಿನಲ್ಲಿ ನಡೆಯುತ್ತಾರೆ, ಮುಖ ತೊಳೆಯಲು ಕಣ್ಣು ಮುಚ್ಚಿದರೆ ಮುಗ್ಗರಿಸುತ್ತಾರೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ನೆಲದ ಸುದ್ದಿ ತರುವುದನ್ನು ನಿಲ್ಲಿಸಿದ್ದವು. ಕಣ್ಣೊಂದೇ ಅವರನ್ನು ಹಿಡಿದು ನಿಲ್ಲಿಸಿತ್ತು. ಇನ್ನೊಬ್ಬರು ಕುಳಿತಲ್ಲಿಂದ ಎದ್ದರೆ “ಕಣ್ಣಿಗೆ ಕತ್ತಲೆ ಬರುತ್ತದೆ” ಎಂದರು. ಅದು ಎದ್ದಾಗ ರಕ್ತದೊತ್ತಡ ಇಳಿಯುವ ತೊಂದರೆ. ಅವರನ್ನು ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿಗೇ ಕಳಿಸಿದೆ. ಮತ್ತೊಬ್ಬ ಹೆಣ್ಣುಮಗಳು “ಸುತ್ತುವುದೇನೂ ಇಲ್ಲ ಅಕ್ಕ, ತಿರುಗಿ ನೋಡಿದರೆ ಜೋಲಿ ಹೋಗುತ್ತೇನೆ” ಎಂದಳು. ಅವಳಿಗೆ ತಲೆ ತಿರುಗಿಸಿದಾಗ ನೋಟವನ್ನು ಸ್ಥಿರವಾಗಿಡುವ ಒಳಗಿವಿಯ ಕೆಲಸ ಒಂದು ಕಡೆ ದುರ್ಬಲವಾಗಿತ್ತು.

ಈ ನಾಲ್ವರ ವಾಕ್ಯಗಳನ್ನು ಒಟ್ಟಿಗಿಟ್ಟು ನೋಡಿ. ತೊಲೆ ಸುತ್ತುತ್ತದೆ. ನೆಲ ಮೆತ್ತಗಾಗುತ್ತದೆ. ಕಣ್ಣಿಗೆ ಕತ್ತಲೆ ಬರುತ್ತದೆ. ನಾನು ಜೋಲಿ ಹೋಗುತ್ತೇನೆ. ಕ್ರಿಯಾಪದಕ್ಕೆ ಕರ್ತೃ ಯಾರು ಎಂಬುದರಲ್ಲೇ ರೋಗದ ಅರ್ಧ ಸುಳಿವಿದೆ. ನಿಲ್ಲಲು ನಮಗೆ ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳ ಅರಿವು ಈ ಮೂರೂ ಬೇಕು. ಯಾವುದು ಸೋತಿದೆಯೋ ಅದು ವಾಕ್ಯದಲ್ಲಿ ತಾನಾಗಿ ತಲೆಯೆತ್ತುತ್ತದೆ. ‘ತಲೆಸುತ್ತು’ ಎಂಬ ಸಮಾಸ ಮಾಡಿದ ಕೂಡಲೇ ಕರ್ತೃ ಮಾಯವಾಗಿ, ನಾಲ್ಕು ಬೇರೆ ಬೇರೆ ತೊಂದರೆಗಳಿಗೆ ಒಂದೇ ಹೆಸರು ಬೀಳುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ನಾಮಪದವನ್ನು ಬಿಟ್ಟು ವಾಕ್ಯವನ್ನೇ ಕೊಡಬೇಕೆಂದು ನಿರ್ಧರಿಸಿದ್ದೇನೆ: ‘ಮಲಗಿ ಹೊರಳಿದಾಗ ಮನೆ ತಿರುಗುತ್ತದೆಯೇ? ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುತ್ತದೆಯೇ?’ ನಿಮ್ಮ ಕಡೆ ಜನ ಈ ನಾಲ್ಕನ್ನೂ ಯಾವ ವಾಕ್ಯಗಳಲ್ಲಿ ಹೇಳುತ್ತಾರೆ ಎಂಬುದು ನನ್ನ ಮೊದಲ ಪ್ರಶ್ನೆ. ದಯವಿಟ್ಟು ಪದವೊಂದನ್ನೇ ಕೊಡದೆ ಇಡೀ ವಾಕ್ಯ ಬರೆಯಿರಿ.

ಹಳೆಯ ಪದಗಳ ಕಡೆಗೂ ಹೋಗಿ ಬಂದೆ. ‘ಬವಳಿ’ ನನಗೆ ಬಹಳ ಇಷ್ಟವಾದ ಪದ. ನಮ್ಮ ಅಜ್ಜಿ “ಬಿಸಿಲಿಗೆ ಬವಳಿ ಬಂದು ಬಿದ್ದ” ಎನ್ನುತ್ತಿದ್ದರು. ಆದರೆ ಅದರಲ್ಲಿ ಸುತ್ತುವುದೂ ಇದೆ, ಎಚ್ಚರ ತಪ್ಪುವುದೂ ಇದೆ. ಇವೆರಡನ್ನು ಬೇರ್ಪಡಿಸುವುದೇ ನನ್ನ ಕೆಲಸವಾಗಿರುವಾಗ ಅದನ್ನು ಬಳಸಲು ಹಿಂಜರಿಕೆ. ಬವಳಿ ಮತ್ತು ಬವಣೆ ಒಂದೇ ಬೇರಿನವೇ, ಎರಡಕ್ಕೂ ಭ್ರಮಣವೇ ಮೂಲವೇ, ಬಲ್ಲವರು ತಿಳಿಸಿ. ಆಯುರ್ವೇದದಲ್ಲಿ ಈ ತೊಂದರೆಯ ಹೆಸರೇ ‘ಭ್ರಮ’, ಪಿತ್ತ ಮತ್ತು ವಾತಗಳಿಗೆ ಅದನ್ನು ಹೊಂದಿಸಿ ಹೇಳುತ್ತಾರೆ. “ಪಿತ್ತ ತಲೆಗೇರಿದೆ” ಎಂಬ ಮನೆಮಾತಿನ ಹಿಂದೆ ಆ ಶಾಸ್ತ್ರದ ನೆನಪಿದೆ. ಆದರೆ ಇಂದಿನ ಕನ್ನಡದಲ್ಲಿ ಭ್ರಮೆ ಎಂದರೆ ಇಲ್ಲದ್ದನ್ನು ಇದೆ ಎಂದುಕೊಳ್ಳುವುದು. ತಿಂಗಳುಗಟ್ಟಲೆ “ಎಲ್ಲ ನಿನ್ನ ಮನಸ್ಸಿನ ಕಲ್ಪನೆ” ಎಂದು ಮನೆಯವರಿಂದ ಅನ್ನಿಸಿಕೊಂಡು ಬಂದ ಹೆಣ್ಣುಮಗಳ ಕೈಗೆ ‘ಭ್ರಮೆ’ ಎಂದು ಬರೆದ ಹಾಳೆಯನ್ನು ನಾನು ಕೊಡಲಾರೆ. ‘ಚಕ್ಕರ್’ ನಮ್ಮ ಪೇಟೆಯಲ್ಲಿ ಎಲ್ಲರಿಗೂ ಗೊತ್ತು, ಅದರದೂ ತಲೆಸುತ್ತಿನದೇ ದೋಷ.

ಈಗ ‘ಬ್ಯಾಲೆನ್ಸ್’. ಪಠ್ಯದಲ್ಲಿ ಸಮತೋಲನ ಎಂದು ಬರೆಯುತ್ತೇವೆ. ಆಹಾರಕ್ಕೆ, ಬಜೆಟ್ಟಿಗೆ, ಪರಿಸರಕ್ಕೆ ಅದೇ ಪದ ಬಳಸಿ ಬಳಸಿ ಮೈಗೆ ಅದು ತಟ್ಟುವುದೇ ಇಲ್ಲ. ತಕ್ಕಡಿಯ ಪದ ಅದು, ಎರಡು ತಟ್ಟೆ ಸಮವಾಗಿ ನಿಂತ ಚಿತ್ರ ಕೊಡುತ್ತದೆ. ನಿಂತ ಮನುಷ್ಯ ಹಾಗೆ ನಿಶ್ಚಲವಾಗಿರುವುದಿಲ್ಲ. ಗಮನಿಸಿ ನೋಡಿದರೆ ಕಾಲಗಿಣ್ಣಿನ ಮೇಲೆ ಸದಾ ಚೂರು ಚೂರು ತೂಗುತ್ತಲೇ ಇರುತ್ತಾನೆ. ನಮ್ಮಲ್ಲಿ ಬಿದ್ದವರೆಲ್ಲ ಹೇಳುವುದು “ಆಯ ತಪ್ಪಿ ಬಿದ್ದೆ” ಎಂದು. ಪತ್ರಿಕೆಗಳೂ ‘ಆಯತಪ್ಪಿ’ ಎಂದೇ ಬರೆಯುತ್ತವೆ. ಎಷ್ಟು ಚಿಕ್ಕ, ಎಷ್ಟು ಗಟ್ಟಿಯಾದ ಪದ! ಆದರೆ ಒಂದು ವಿಚಿತ್ರ ಗಮನಿಸಿದ್ದೇನೆ: ಆಯ ಯಾವಾಗಲೂ ತಪ್ಪುತ್ತದೆ, ಎಂದೂ ಸಿಗುವುದಿಲ್ಲ. “ನಿಮಗೆ ಈಗ ಆಯ ಬಂದಿದೆ” ಎಂದು ಯಾರೂ ಹೇಳಿದ್ದನ್ನು ಕೇಳಿಲ್ಲ. “ಆಯದ ಜಾಗಕ್ಕೆ ಪೆಟ್ಟು ಬಿತ್ತು” ಎಂಬಲ್ಲಿ ಮರ್ಮಸ್ಥಾನ ಎಂಬ ಅರ್ಥ ಬರುತ್ತದೆ, ಅದು ಬೇರೆಯೇ ದಾರಿ. ಕಳೆದುಕೊಂಡಾಗ ಮಾತ್ರ ಬಾಯಿಗೆ ಬರುವ ಈ ಪದವನ್ನು ಗಳಿಸಿಕೊಳ್ಳುವ ಅರ್ಥದಲ್ಲಿ ಬಳಸಬಹುದೇ? ‘ಆಯ ಹಿಡಿಯುವ ಅಭ್ಯಾಸ’ ಎಂದು ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಬಂಡಿಗೆ ಹೇರುವವರ ಮಾತಿನಲ್ಲಿ ಮುಂಭಾರ, ಹಿಂಭಾರ ಎಂಬ ಸೊಗಸಾದ ಜೋಡಿಯಿದೆ. ಪಾರ್ಕಿನ್ಸನ್ ಕಾಯಿಲೆಯ ಒಬ್ಬ ರೈತರಿಗೆ “ಯಜಮಾನರೇ, ಮೈ ಮುಂಭಾರವಾಗುತ್ತಿದೆ” ಎಂದೆ. ತಕ್ಷಣ ಬೆನ್ನು ನೆಟ್ಟಗೆ ಮಾಡಿ ನಿಂತರು. ಅದಕ್ಕೆ ಮೊದಲು ವಾರವಿಡೀ ‘ಗುರುತ್ವ ಕೇಂದ್ರ’ ಎಂದು ಹೇಳಿ ಸೋತಿದ್ದೆ. ಹಗ್ಗದ ಮೇಲೆ ಗಳ ಹಿಡಿದು ನಡೆಯುವ ಕಲಾವಿದರು, ತಲೆಯ ಮೇಲೆ ಸಿಂಬೆಯಿಟ್ಟು ಎರಡೆರಡು ಕೊಡ ಹೊರುವ ಹೆಂಗಸರು, ಅಡಿಕೆ ಮರ ಏರುವವರು ಮಕ್ಕಳಿಗೆ ಈ ಕೆಲಸ ಕಲಿಸುವಾಗ ಏನೆಂದು ಹೇಳಿಕೊಡುತ್ತಾರೆ? ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು ಈ ಬಳಗದಲ್ಲಿದ್ದರೆ ಕೇಳಿ ತಿಳಿಸಬೇಕು.

ಒಳಗಿವಿಯ ಹೆಸರುಗಳ ವಿಷಯಕ್ಕೆ ಬಂದರೆ ನಿಮ್ಮೊಡನೆ ಒಂದು ಸಂತೋಷ ಹಂಚಿಕೊಳ್ಳಬೇಕು. ತಲೆಸುತ್ತಿನವರಿಗೆ, ವಾಲುವವರಿಗೆ ನಾವು ಮಾಡುವ ಚಿಕಿತ್ಸೆಗೆ ವೆಸ್ಟಿಬ್ಯುಲರ್ ರಿಹ್ಯಾಬಿಲಿಟೇಶನ್ ಎನ್ನುತ್ತಾರೆ. ವೆಸ್ಟಿಬ್ಯೂಲ್ ಎಂದರೆ ಲ್ಯಾಟಿನ್‌ನಲ್ಲಿ ಮನೆಯ ಬಾಗಿಲ ಬಳಿಯ ಅಂಗಳ ಅಥವಾ ಹಜಾರ. ಒಳಗಿವಿಯ ನಡುವಿನ ಕೋಣೆಗೆ ಅಂಗರಚನೆ ಬಲ್ಲವರು ಈ ಹೆಸರಿಟ್ಟರು. ಅದರ ಒಂದು ಕಡೆ ಕೇಳಿಸಿಕೊಳ್ಳುವ ಶಂಖ, ಇನ್ನೊಂದು ಕಡೆ ಮೂರು ಅರೆವೃತ್ತ ನಾಳಗಳು. ಹಾಗಾದರೆ ಅದು ನಮ್ಮ ಪಡಸಾಲೆಯೇ ಆಯಿತಲ್ಲ! ಎಲ್ಲ ಕೋಣೆಗಳಿಗೂ ದಾರಿ ಅಲ್ಲಿಂದಲೇ. ಈ ಇಡೀ ರಚನೆಯ ಹೆಸರು ಲ್ಯಾಬಿರಿಂತ್, ಹೊಕ್ಕವರು ದಾರಿ ತಪ್ಪುವ ಕಟ್ಟಡ. ಚಿತ್ರದುರ್ಗದಿಂದ ಬಂದ ಒಬ್ಬ ಮೇಷ್ಟ್ರಿಗೆ ಇದರ ಚಿತ್ರ ತೋರಿಸಿ ವಿವರಿಸುತ್ತಿದ್ದಾಗ ಅವರು “ಇದು ನಮ್ಮ ಏಳುಸುತ್ತಿನ ಕೋಟೆಯಂತಿದೆ, ಸುತ್ತು ಕೋಟೆಯಲ್ಲಿದ್ದರೆ ಕಾವಲು, ತಲೆಯಲ್ಲಿದ್ದರೆ ರೋಗ” ಎಂದರು. ಒಂದೇ ‘ಸುತ್ತು’ ಎರಡೂ ಕಡೆ. ‘ಕಿವಿಯ ಪಡಸಾಲೆ’, ‘ಸುತ್ತುನಾಳ’, ‘ಕಿವಿಹರಳು’ ಎಂಬ ಮೂರು ಪದಗಳನ್ನು ನಾನು ಕೈಪಿಡಿಯಲ್ಲಿ ಬಳಸಿಬಿಟ್ಟಿದ್ದೇನೆ. ಒಪ್ಪಿಗೆಯಿಲ್ಲದವರು ಹೇಳಿ, ತಿದ್ದಿಕೊಳ್ಳುತ್ತೇನೆ. ಪಡಸಾಲೆಗಿಂತ ಮೊಗಸಾಲೆ ಹೆಚ್ಚು ಹತ್ತಿರವೆಂದು ಒಬ್ಬ ಗೆಳತಿ ವಾದಿಸಿದಳು. ನಮ್ಮ ಊರಿನ ಮನೆಗಳಲ್ಲಿ ಮೊಗಸಾಲೆ ಎನ್ನುವವರನ್ನು ನಾನು ಕಂಡಿಲ್ಲ.

ಮಗ್ಗುಲಾದಾಗ ಬರುವ ಆ ಅಜ್ಜಿಯ ತೊಂದರೆಗೆ ಇಂಗ್ಲಿಷಿನಲ್ಲಿ ನಾಲ್ಕು ಪದದ ಹೆಸರಿದೆ, ಬಿಪಿಪಿವಿ ಎಂದು ಮೊಟಕು ಮಾಡುತ್ತಾರೆ. ರೋಗಿಗಳು ‘ಬಿಪಿ’ ಎಂದಷ್ಟೇ ಕೇಳಿಸಿಕೊಂಡು ರಕ್ತದೊತ್ತಡದ ಮಾತ್ರೆ ಕೇಳುವುದನ್ನು ಹಲವು ಸಲ ನೋಡಿದ್ದೇನೆ. ‘ಮಗ್ಗುಲುಸುತ್ತು’ ಎಂದು ಕರೆಯಲೇ? ‘ಹೊರಳುಸುತ್ತು’ ಎಂಬುದೂ ಮನಸ್ಸಿಗೆ ಬಂದಿದೆ. ಮೇಲೆ ನೋಡಿದಾಗ, ಬಗ್ಗಿದಾಗಲೂ ಇದು ಬರುವುದರಿಂದ ಎರಡನೆಯದು ಹೆಚ್ಚು ಹೊಂದಬಹುದು.

ಎಪ್ಲಿ ಅವರ ಕ್ರಮಕ್ಕೆ ‘ಮನೂವರ್’ ಎಂಬ ಮಾತಿದೆ. ಇದಕ್ಕೆ ‘ತಂತ್ರ’, ‘ಕುಶಲಚಲನೆ’ ಎಂದೆಲ್ಲ ಬರೆದು ಹೊಡೆದು ಹಾಕಿದೆ. ದಾವಣಗೆರೆಯಲ್ಲಿ ಕುಸ್ತಿಯ ಅಭಿಮಾನ ಇನ್ನೂ ಗಟ್ಟಿಯಾಗಿದೆ, ದುಗ್ಗಮ್ಮನ ಜಾತ್ರೆಯ ಕಣ ನೋಡಿದವರಿಗೆ ಗೊತ್ತು. ಗರಡಿಮನೆಯ ಮಾತಿನಲ್ಲಿ ಪಟ್ಟು ಎಂದರೆ ಒಂದು ಹಿಡಿತ, ವರಸೆ ಎಂದರೆ ಒಂದರ ಹಿಂದೊಂದು ತಪ್ಪದೆ ಬರುವ ಚಲನೆಗಳ ಸಾಲು. ಎಪ್ಲಿಯದು ಅಕ್ಷರಶಃ ವರಸೆ: ಕುಳಿತು ತಲೆಯನ್ನು ತೊಂದರೆಯ ಕಡೆಗೆ 45 ಡಿಗ್ರಿ ತಿರುಗಿಸಿ, ಹಾಗೆಯೇ ಅಂಗಾತ ಮಲಗಿ ತಲೆಯನ್ನು ಸ್ವಲ್ಪ ಇಳಿಬಿಟ್ಟು, ತಿರುಗುವುದು ನಿಲ್ಲುವವರೆಗೆ ಕಾದು, ತಲೆಯನ್ನು ಇನ್ನೊಂದು ಕಡೆಗೆ ಹೊರಳಿಸಿ, ಮತ್ತೆ ಕಾದು, ಮೈಯನ್ನೂ ಆ ಮಗ್ಗುಲಿಗೆ ತಂದು ಮುಖ ನೆಲದ ಕಡೆ ಮಾಡಿ, ಕೊನೆಗೆ ಎದ್ದು ಕುಳಿತುಕೊಳ್ಳುವುದು. ಕ್ರಮ ಕೆಟ್ಟರೆ ಹರಳು ಬೇರೆ ನಾಳಕ್ಕೆ ಹೋಗಬಹುದು, ಅದಕ್ಕೇ ಮೊದಲ ಸಲ ಬಲ್ಲವರ ಕೈಯಲ್ಲೇ ಆಗಬೇಕು. ಅಂಗಾತ, ಬೋರಲು, ಮಗ್ಗುಲು ಎಂಬ ಮೂರು ಅಚ್ಚುಕಟ್ಟಾದ ಪದಗಳಿರುವಾಗ ‘ಬೆನ್ನಿನ ಮೇಲೆ ಮಲಗಿ’, ‘ಹೊಟ್ಟೆಯ ಮೇಲೆ ಮಲಗಿ’ ಎಂದು ಏಕೆ ಬರೆಯುತ್ತಾರೋ, ನನಗೆ ಸಂಕಟವಾಗುತ್ತದೆ. ಬೋರಲು ಎಂದರೆ ಮೈಸೂರು ಕಡೆಯವರಿಗೆ ತಿಳಿಯುತ್ತದೆಯೇ, ಮಕಾಡೆ ಎನ್ನಬೇಕೇ?

ವ್ಯಾಯಾಮಕ್ಕೆ ‘ಸಾಮು’ ಎಂದೇ ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ತಲೆಗೆ ಗಾಯವಾದವರಿಗೆ, ಒಳಗಿವಿ ಕೆಟ್ಟವರಿಗೆ ಇಂಥ ಸಾಮುಗಳನ್ನು ರೂಪಿಸಿದರು: ಮೊದಲು ಕಣ್ಣು, ಆಮೇಲೆ ತಲೆ, ಆಮೇಲೆ ಮೈ, ಕೊನೆಗೆ ನಡಿಗೆ. ಹೆದರಿ ತಲೆ ಅಲ್ಲಾಡಿಸದೆ ಕೂರುವುದಕ್ಕಿಂತ ಹದವಾಗಿ ಅಲ್ಲಾಡಿಸಿದರೆ ಮಿದುಳು ಹೊಂದಿಕೊಳ್ಳುತ್ತದೆ ಎಂಬುದು ಅದರ ತಿರುಳು. ಹೆಬ್ಬೆರಳನ್ನು ಕಣ್ಣೆದುರು ಹಿಡಿದು, ಅದರಿಂದ ದೃಷ್ಟಿ ಕೀಳದೆ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುವ ಸಾಮಿಗೆ ‘ನೆಟ್ಟನೋಟದ ಸಾಮು’ ಎಂದು ಹೆಸರಿಟ್ಟೆ. ಪೈರಿನಂತೆ ನೆಟ್ಟ ನೋಟ! ರೋಗಿಗಳು ಒಂದೇ ಸಲಕ್ಕೆ ಗ್ರಹಿಸಿದರು. ಇದರ ಬಗ್ಗೆ ನನಗೆ ಪ್ರಶ್ನೆಯಿಲ್ಲ.

ನನ್ನ ನಿಜವಾದ ಕಷ್ಟ ಕನ್ಕಷನ್ನಿನದು, ಅಂದರೆ ತಲೆ ಜೋರಾಗಿ ಅಲುಗಿ ಮಿದುಳಿನ ಕೆಲಸ ಸ್ವಲ್ಪ ಕಾಲ ಕೆಡುವುದರದು. 2019ರ ಆಗಸ್ಟ್‌ನಿಂದ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ತಲೆಗೆ ಪೆಟ್ಟು ಬಿದ್ದವರ ಬದಲಿಗೆ ಇನ್ನೊಬ್ಬರನ್ನು ಇಳಿಸುವ ನಿಯಮ ಬಂತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಮಾರ್ನಸ್ ಲಬುಶೇನ್ ಆಡಿದರು. ಆಗಿನಿಂದ ನಮ್ಮ ಹುಡುಗರ ಬಾಯಲ್ಲೂ ಕನ್ಕಷನ್ ಇದೆ. ಅವರ ತಾಯಿ ತಂದೆಯರ ಬಾಯಲ್ಲಿ ಇಲ್ಲ.

ಪಿಯುಸಿ ಓದುವ ಒಬ್ಬ ಹುಡುಗ. ಕ್ಯಾಚ್ ಹಿಡಿಯಲು ಓಡಿ ಗೆಳೆಯನ ತಲೆಗೆ ತಲೆ ಡಿಕ್ಕಿ ಹೊಡೆದ. ಎಚ್ಚರ ತಪ್ಪಲಿಲ್ಲ, ಸ್ಕ್ಯಾನ್‌ನಲ್ಲೂ ಏನೂ ಕಾಣಲಿಲ್ಲ. ಕನ್ಕಷನ್‌ನಲ್ಲಿ ಸ್ಕ್ಯಾನ್ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಕೆಡುವುದು ಮಿದುಳಿನ ಕೆಲಸ, ಕಣ್ಣಿಗೆ ಕಾಣುವ ಆಕಾರವಲ್ಲ. “ತಲೆಗೆ ಪೆಟ್ಟು ಬಿದ್ದಿದೆ ಅಷ್ಟೇ” ಎಂದು ಯಾರೋ ಹೇಳಿದ್ದನ್ನು ಕೇಳಿ ಅಪ್ಪ ನಾಲ್ಕನೆಯ ದಿನಕ್ಕೇ ಟ್ಯೂಷನ್ನಿಗೂ ಮೈದಾನಕ್ಕೂ ಕಳಿಸಿದರು. ತಲೆನೋವು ಹೆಚ್ಚಾಯಿತು, ಬಸ್ಸಿನ ಕಿಟಕಿಯಿಂದ ನೋಡಿದರೆ ಓಕರಿಕೆ. ಇನ್ನೊಂದು ಕಡೆ ತೋರಿಸಿದಾಗ ಚೀಟಿಯಲ್ಲಿ ‘ಮಿದುಳಿನ ಆಘಾತ, ಸಂಪೂರ್ಣ ವಿಶ್ರಾಂತಿ’ ಎಂದು ಬರೆದರು. ಆಘಾತ ಎಂಬುದನ್ನು ಅಜ್ಜಿ ಹೃದಯಾಘಾತದ ಜೊತೆ ಸೇರಿಸಿ ಓದಿಕೊಂಡು, ಮೊಮ್ಮಗನಿಗೆ ಲಕ್ವ ಹೊಡೆಯುವುದರಲ್ಲಿತ್ತು ಎಂದು ತೀರ್ಮಾನಿಸಿದರು. ಹುಡುಗನನ್ನು ಕತ್ತಲೆ ಕೋಣೆಯಲ್ಲಿ ಮೂರು ವಾರ ಮಲಗಿಸಿದರು. ನನ್ನ ಬಳಿಗೆ ಬಂದಾಗ ಅವನ ಮುಖದಲ್ಲಿ ಕಳೆಯೇ ಇರಲಿಲ್ಲ, ನಡೆಯಲೂ ಹೆದರುತ್ತಿದ್ದ. ಮೊದಲನೆಯ ಪದ ತೀರಾ ಹಗುರ, ಎರಡನೆಯದು ತೀರಾ ಭಾರ. ಮಗು ಎರಡರ ನಡುವೆ ಸಿಕ್ಕಿಕೊಂಡಿತು.

ಇಂದಿನ ತಿಳಿವಳಿಕೆಯಂತೆ ಮೊದಲ 24ರಿಂದ 48 ಗಂಟೆ ಓದು, ಆಟ, ಮೊಬೈಲ್ ಕಡಿಮೆ ಮಾಡಿ ಸುಧಾರಿಸಿಕೊಳ್ಳಬೇಕು. ಆಮೇಲೆ ಲಘು ನಡಿಗೆಯಿಂದ ಶುರುಮಾಡಿ ಹಂತಹಂತವಾಗಿ ಏರಬೇಕು. ಮೈದಾನಕ್ಕೆ ಮರಳುವುದು ವೈದ್ಯರು ಒಪ್ಪಿದ ಮೇಲೆ. 10 ದಿನ ದಾಟಿದರೂ ತಲೆಸುತ್ತು, ಕುತ್ತಿಗೆ ನೋವು, ತಲೆನೋವು ಉಳಿದರೆ ಕುತ್ತಿಗೆ ಮತ್ತು ಒಳಗಿವಿಯ ಸಾಮು ನೆರವಾಗುತ್ತವೆ. 2022ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಸೇರಿದ ಕ್ರೀಡಾ ಕನ್ಕಷನ್ ಸಮ್ಮೇಳನದ ಒಮ್ಮತದ ಹೇಳಿಕೆಯೂ ಇದನ್ನೇ ಹೇಳುತ್ತದೆ. ಇದಕ್ಕೆ ‘ವಿಶ್ರಾಂತಿ’ ಎಂದು ಬರೆದರೆ ಜನ ಮಲಗಿಸುತ್ತಾರೆ. ‘ಸುಧಾರಿಸಿಕೊಳ್ಳಿ’ ಎಂದರೆ ಕೂತು ಉಸಿರು ತೆಗೆದುಕೊಂಡು ಮತ್ತೆ ಏಳುವ ಚಿತ್ರ ಬರುತ್ತದೆ. ನಾನು ಅದನ್ನೇ ಉಳಿಸಿಕೊಂಡಿದ್ದೇನೆ.

ಎಚ್ಚರಿಕೆಯ ಪಟ್ಟಿಯಲ್ಲೂ ಒಂದು ಪದ ತಿದ್ದಿದೆ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕೈಕಾಲು ಸೋಲುವುದು ಇವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದೇ ಸಾಲಿನಲ್ಲಿ ‘ಅತಿ ನಿದ್ರೆ’ ಎಂದು ಬರೆಯುವುದುಂಟು. ದಣಿದ ಮಗು ಹೆಚ್ಚು ನಿದ್ದೆ ಮಾಡುವುದು ಸಹಜ. ಹೆದರಬೇಕಾದ್ದು ಎಬ್ಬಿಸಿದರೂ ಸರಿಯಾಗಿ ಏಳದ ಮಂಪರಿಗೆ. ನಿದ್ದೆ ಬೇರೆ, ಮಂಪರು ಬೇರೆ. ಹಾಗೆಯೇ, ಪೆಟ್ಟಿನ ಮೇಲೆ ಉಳಿಯುವ ಆ ಅಸ್ಪಷ್ಟತೆಗೆ ‘ಮಂಕು’ ಎಂದರೆ ಹುಡುಗರಿಗೆ ಬೈಗುಳದಂತೆ ಕೇಳುತ್ತದೆ, ‘ತಲೆ ಮಬ್ಬಾಗಿದೆ’ ಎಂದರೆ ಒಪ್ಪಿಕೊಳ್ಳುತ್ತಾರೆ.

ಆದರೆ ಕನ್ಕಷನ್ನಿಗೇ ಏನೆನ್ನಬೇಕು? ಅದರ ಲ್ಯಾಟಿನ್ ಮೂಲದಲ್ಲಿರುವುದು ಜೋರಾಗಿ ಅಲುಗಿಸುವುದು ಎಂಬ ಅರ್ಥ. ತಲೆಗೆ ಏನೂ ತಗಲದೆ, ಬೈಕ್ ಗಕ್ಕನೆ ನಿಂತು ಕತ್ತು ಎಗರಿದರೂ ಮಿದುಳು ಒಳಗೆ ಅಲುಗಬಹುದು. ಪೆಟ್ಟು ಎಂಬ ಪದ ಇದನ್ನು ಹಿಡಿಯುವುದಿಲ್ಲ. ‘ಒಳಪೆಟ್ಟು’ ಎಲ್ಲರೂ ಬಲ್ಲ ಪದ, ಹೊರಗೆ ಗಾಯ ಕಾಣದೆ ಒಳಗೆ ನೊಂದದ್ದು ಎಂಬ ಅರ್ಥ ಅದರಲ್ಲಿದೆ. ಆದರೆ ನಮ್ಮ ಕಡೆ ಒಳಪೆಟ್ಟು ಎಂದರೆ ಎಣ್ಣೆ ಹಚ್ಚಿ ನೀವಿಸಲು ಹೊರಟುಬಿಡುತ್ತಾರೆ. ‘ಮಿದುಳಲುಗು’ ಎಂದು ಕಟ್ಟಿದೆ, ಳಕಾರದ ಹಿಂದೆಯೇ ಲಕಾರ ಬಂದು ನಾಲಗೆ ತೊಡರಿತು. ‘ಮಿದುಳು ಕುಲುಕು’ ಎಂದೆ, ಔಷಧದ ಬಾಟಲಿ ನೆನಪಾಯಿತು ಎಂದರು. ‘ಮಿದುಳದುರು’ ಎಂಬುದನ್ನು ಹುಡುಗನ ಅಪ್ಪನಿಗೆ ಹೇಳಿ ನೋಡಿದೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು ಅವರು. ಸ್ವಲ್ಪ ಯೋಚಿಸಿ, “ಅಂದರೆ ಒಡೆದಿಲ್ಲ, ಅದುರಿದೆ. ಅದುರಿದ್ದು ನಿಲ್ಲಬೇಕು, ಅಲ್ಲವೇ ಮೇಡಂ?” ಎಂದು ಕೇಳಿದರು. ಅವರಿಗೆ ಅರ್ಥವಾಗಿತ್ತು. ನನಗೆ ಇನ್ನೂ ಧೈರ್ಯ ಸಾಲುತ್ತಿಲ್ಲ, ಏಕೆಂದರೆ ‘ಕಣ್ಣು ಅದುರುವುದು’ ಎಂಬ ಶಕುನದ ಮಾತಿನಿಂದ ಈ ಕ್ರಿಯಾಪದಕ್ಕೆ ಬೇರೆ ನೆರಳೂ ಇದೆ.

ಹುಡುಗ ಈಗ ಚೆನ್ನಾಗಿದ್ದಾನೆ, ಏಳು ವಾರ ಹಿಡಿಯಿತು. ಕೈಪಿಡಿ ಮುಂದಿನ ತಿಂಗಳ ಮೊದಲ ವಾರ ಅಚ್ಚಿಗೆ ಹೋಗುತ್ತದೆ. ‘ಮಿದುಳದುರು’ ನಿಲ್ಲುವ ಪದವೇ, ಅಥವಾ ನಿಮ್ಮ ಮನೆಯ ಹಿರಿಯರು ಮರದಿಂದಲೋ ಎತ್ತಿನಗಾಡಿಯಿಂದಲೋ ಬಿದ್ದು, ಗಾಯವಿಲ್ಲದೆಯೂ ದಿನಗಟ್ಟಲೆ ಮಬ್ಬಾಗಿ ಕೂತವರನ್ನು ಕುರಿತು ಬೇರೆ ಏನಾದರೂ ಹೇಳುತ್ತಿದ್ದರೇ? ಅಷ್ಟರೊಳಗೆ ಬರೆದರೆ ಆ ಪುಟವನ್ನು ತಡೆದಿಟ್ಟುಕೊಂಡಿರುತ್ತೇನೆ.